ಭಂಡಾರದ ಚೀಲದಲ್ಲಿದ್ದ ಗುಳಿಗೆ

2024ರ ಡಿಸೆಂಬರ್ ತಿಂಗಳ ಎರಡನೇ ಬುಧವಾರ ಬೆಳಿಗ್ಗೆ ರನ್ನ ಬೆಳಗಲಿಯ ಒಂದು ಮನೆಯಲ್ಲಿ ಅರವತ್ತೆಂಟು ವರ್ಷದ ಮಹಿಳೆಯೊಬ್ಬರು ಹಾಸಿಗೆಯಿಂದ ಏಳಲಿಲ್ಲ. ಉಸಿರಾಟ ನಡೆದಿತ್ತು. ಭುಜ ಹಿಡಿದು ಅಲುಗಿಸಿದರೆ ಕಣ್ಣು ಅರ್ಧ ತೆರೆಯುತ್ತಿದ್ದರು, ಏನೋ ಅನ್ನಲು ನೋಡಿ ಮತ್ತೆ ಮುಚ್ಚುತ್ತಿದ್ದರು. ಎಂಟೂವರೆ ಹೊತ್ತಿಗೆ ಅವರನ್ನು ಮುಧೋಳದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಲಾಯಿತು. ಅವರು ನನ್ನ ತಂಗಿಯ ಅತ್ತೆ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ತಂಗಿ ಫೋನ್ ಮಾಡಿದಳು. ನಾನು ಜಮಖಂಡಿಯ ನನ್ನ ಮನೆಯಲ್ಲಿದ್ದೆ. ಪತ್ರಿಕೆಯೊಂದರ ತಾಲ್ಲೂಕು ವರದಿಗಾರ ನಾನು. ಬೆಳಗಿನ ಆ ಹೊತ್ತಿಗೆ ಬರುವ ಫೋನುಗಳು ಹೆಚ್ಚಾಗಿ ಅಪಘಾತದವು, ಹಾಗಾಗಿ ಪೆನ್ನು ಕೈಗೆ ತೆಗೆದುಕೊಂಡೇ ಮಾತಾಡಿದೆ. ಅತ್ತೆಯನ್ನು ಆಸ್ಪತ್ರೆಗೆ ಒಯ್ದಿದ್ದಾರೆ, ತಾನು ಮನೆಯಲ್ಲಿ ಒಬ್ಬಳೇ ಇದ್ದೇನೆ ಅಂದಳು. ದನಿ ಸಣ್ಣದಾಗಿತ್ತು.

“ಅಣ್ಣಾ, ಚೀಲದಾಗ ಗುಳಿಗಿ ಕಡಿಮಿ ಅದಾವು.”

ಎಷ್ಟು ಎಂದು ಕೇಳಿದೆ.

“ನೀ ಮೂವತ್ತು ತಂದಿದ್ದಿ. ನಾ ಒಂಬತ್ತು ತಗೊಂಡೇನಿ. ಈಗ ಸುರುವಿ ನೋಡಿದ್ನಿ, ಹನ್ನೊಂದ ಅದಾವು.”

ಹತ್ತು ಗುಳಿಗೆ ಹೋಗಿದ್ದವು. ಆ ಮನೆಯಲ್ಲಿ ಇರುವುದು ಮೂರೇ ಜನ: ತಂಗಿ, ಅವಳ ಗಂಡ, ಅತ್ತೆ. ಚೀಲ ತೆಗೆದುಕೊಂಡು ಸಿಕ್ಕ ಗಾಡಿ ಹತ್ತಿ ಮುಧೋಳಕ್ಕೆ ಬಾ, ನಾನೂ ಹೊರಟೆ ಅಂದೆ. ನಾನು ಬರುವವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡ ಎಂದೂ ಅಂದೆ.

ಆ ಗುಳಿಗೆಗಳು ಆ ಚೀಲಕ್ಕೆ ಹೇಗೆ ಬಂದವು ಎಂಬುದನ್ನು ಇಲ್ಲಿ ಹೇಳಬೇಕು.

ನಮ್ಮೂರು ಬೀಳಗಿ ತಾಲ್ಲೂಕಿನಲ್ಲಿ, ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೋಗುವ ಹಳ್ಳಿಗಳಲ್ಲೊಂದು. ಅಜ್ಜನ ಕಾಲಕ್ಕೆ ಕುರಿ, ಅಪ್ಪನ ಕಾಲಕ್ಕೆ ಹೊಲ. ಮನೆದೇವರು ಬೀರೇಶ್ವರ. ತಂಗಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, ಬಸ್‌ಸ್ಟ್ಯಾಂಡಿನಲ್ಲಿ ಜನ ತನ್ನ ಬಗ್ಗೆಯೇ ಮಾತಾಡುತ್ತಾರೆ ಅನ್ನತೊಡಗಿದಳು. ಆಮೇಲೆ ಮನೆಯೊಳಗೂ, ಯಾರೂ ಇಲ್ಲದ ಕೋಣೆಯಲ್ಲೂ ಅವಳಿಗೆ ಆ ಮಾತು ಕೇಳಿಸತೊಡಗಿತು. ರೊಟ್ಟಿಯಲ್ಲಿ ಏನೋ ಕಲೆಸಿದ್ದೀರಿ ಎಂದು ತಾಟು ದೂಡಿದಳು. ಅವ್ವ ಅವಳನ್ನು ಮೊದಲು ದೇವರಿಗೇ ಕರೆದೊಯ್ದದ್ದು. ಪೂಜಾರಿ ಅವಳ ಹಣೆಗೆ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಹಚ್ಚಿದ. ಇದು ದೇವರಿಂದ ಆಗುವಷ್ಟು, ಉಳಿದದ್ದು ಡಾಕ್ಟರಿಂದ ಆಗಬೇಕು ಎಂದು ಹೇಳಿದವನೂ ಅವನೇ. ಜಮಖಂಡಿಗೆ ತಿಂಗಳಿಗೆ ಎರಡು ಸಲ ಹೊರಗಿನಿಂದ ಬರುವ ಮನೋವೈದ್ಯರೊಬ್ಬರಿಗೆ ತೋರಿಸಿದೆ. ಗುಳಿಗೆ ಹಿಡಿಯಿತು. ಮೂರು ತಿಂಗಳ ಹೊತ್ತಿಗೆ ಅವಳು ತಾನೇ ರೊಟ್ಟಿ ಬಡಿದು ತಾನೇ ಉಂಡಳು. ಪರೀಕ್ಷೆ ಬರೆದು ಪಾಸಾದಳು.

ರನ್ನ ಬೆಳಗಲಿಯಿಂದ ಸಂಬಂಧ ಬಂದಾಗ ಡಾಕ್ಟರು ಎರಡು ಮಾತು ಹೇಳಿದರು. ಗುಳಿಗೆ ನಿಲ್ಲಿಸಬಾರದು, ಗಂಡಿನ ಕಡೆಯವರಿಗೆ ಹೇಳಿಯೇ ಮದುವೆ ಮಾಡಿ. ಮೊದಲನೆಯದನ್ನು ಕೇಳಿದೆವು. ಎರಡನೆಯದಕ್ಕೆ ಅವ್ವ ಒಪ್ಪಲಿಲ್ಲ.

“ಹುಚ್ಚಿ ಅನ್ನೂ ಹೆಸರು ಒಮ್ಮಿ ಬಿತ್ತಂದ್ರ ಮುಗೀತು,” ಅಂದಳು. “ಬ್ಯಾನಿ ಹೋದ್ರೂ ಹೆಸರು ಹೋಗಂಗಿಲ್ಲ.”

ನಾನು ವಾದ ಮಾಡಲಿಲ್ಲ. ಮಾತುಕತೆಯ ದಿನ, ಗಂಡಿನ ತಾಯಿ, ಈಗ ತಂಗಿಯ ಅತ್ತೆ, ಎಲ್ಲರನ್ನೂ ಬಿಟ್ಟು ನನ್ನನ್ನೇ ಕೇಳಿದರು. ನೀ ಕಲಿತಾಂವ, ಪೇಪರಿನಾಂವ, ನೀನೇ ಹೇಳು, ಹುಡುಗಿಗೆ ಮೈಯಲ್ಲಿ ಏನಾದರೂ ತ್ರಾಸು ಇದೆಯೇ ಎಂದು. ಏನೂ ಇಲ್ಲರಿ ಅಂದೆ.

ಗುಳಿಗೆಯನ್ನು ಆ ಮನೆಯಲ್ಲಿ ಎಲ್ಲಿಡುವುದು ಎಂಬ ಪ್ರಶ್ನೆ ಉಳಿಯಿತು. ಸ್ಟ್ರಿಪ್ಪಿನ ಮೇಲೆ ಹೆಸರಿರುತ್ತದೆ. ಹೆಸರಿದ್ದರೆ ಫೋನಿನಲ್ಲಿ ಹುಡುಕಿ ಯಾವ ರೋಗದ್ದೆಂದು ಯಾರಾದರೂ ತಿಳಿದುಕೊಳ್ಳಬಹುದು. ಅವ್ವ ದಾರಿ ಕಂಡುಹಿಡಿದಳು. ಅಂಗೈ ಅಗಲದ ಹಳದಿ ಬಟ್ಟೆಯ ಚೀಲ ಹೊಲಿದು, ಅರ್ಧ ಭಂಡಾರ ತುಂಬಿ, ಅದರೊಳಗೆ ಬಿಡಿ ಗುಳಿಗೆ ಹಾಕಿದಳು. ಮಗಳಿಗೆ ಮನೆದೇವರ ಹರಕೆ ಇದೆ, ದಿನಾ ರಾತ್ರಿ ಊಟ ಆದ ಮೇಲೆ ದೇವರ ಜಗಲಿಯ, ಅಂದರೆ ಮನೆಯೊಳಗಿನ ದೇವರ ಕಟ್ಟೆಯ, ಮುಂದೆ ನಿಂತು ಚಿಟಿಕೆ ಭಂಡಾರ ಬಾಯಿಗೆ ಹಾಕಿಕೊಳ್ಳಬೇಕು ಎಂದು ಬೀಗರಿಗೆ ಹೇಳಿದಳು. ನಮ್ಮ ಮನೆಯ ರೂಢಿಯಲ್ಲಿ ಹರಕೆಯ ಚೀಲ ಯಾರ ಹೆಸರಿನದೋ ಅವರದು; ಬೇರೆಯವರು ಅದಕ್ಕೆ ಕೈ ಹಚ್ಚುವುದಿಲ್ಲ. ಅವರ ಮನೆಯಲ್ಲೂ ಅದೇ ದೇವರು. ಆದ್ದರಿಂದ ಅವರ ರೂಢಿಯೂ ಇದೇ ಇರುತ್ತದೆ ಎಂದು ನಾವು ತಿಳಿದೆವು. ಕೇಳಿ ನೋಡಲಿಲ್ಲ.

ತಿಂಗಳಿಗೊಮ್ಮೆ ಗುಳಿಗೆ ಮುಟ್ಟಿಸುವುದು ನನ್ನ ಕೆಲಸ. ಜಮಖಂಡಿಯ ಔಷಧಿ ಅಂಗಡಿಗಳಲ್ಲಿ ಎಲ್ಲರಿಗೂ ನನ್ನ ಪರಿಚಯ, ಅದಕ್ಕೆ ಬನಹಟ್ಟಿಯಲ್ಲಿ ತರುತ್ತಿದ್ದೆ. ಆ ಅಂಗಡಿ ಮಗ್ಗಗಳ ಓಣಿಯಲ್ಲಿದೆ. ಪವರ್‌ಲೂಮಿನ ಸದ್ದಿನಲ್ಲಿ ನಾನು ಕೇಳಿದ ಗುಳಿಗೆಯ ಹೆಸರು ಪಕ್ಕದಲ್ಲಿ ನಿಂತವನಿಗೆ ಕೇಳಿಸುತ್ತಿರಲಿಲ್ಲ. ಮನೆಗೆ ಬಂದು ಒಂದೊಂದನ್ನೇ ಒತ್ತಿ ಬಿಡಿಸಿ, ಮೂವತ್ತನ್ನೂ ಭಂಡಾರದಲ್ಲಿ ಹೊರಳಿಸಿ, ಸ್ಟ್ರಿಪ್ಪುಗಳನ್ನು ಸುಟ್ಟುಹಾಕುತ್ತಿದ್ದೆ. ಹೀಗೆ ಒಂದು ವರ್ಷ ಎಂಟು ತಿಂಗಳು ನಡೆಯಿತು. ಆ ಅವಧಿಯಲ್ಲಿ ತಂಗಿ ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ, ಒಂದು ದಿನವೂ ಮೊದಲಿನ ಹಾಗೆ ಆಗಲಿಲ್ಲ. ಆದರೂ ನಾನು ಹೋದಾಗಲೆಲ್ಲ ಮೊದಲು ಅವಳ ಕಣ್ಣು ನೋಡುತ್ತಿದ್ದೆ. ಅವಳು ನಾನು ನೋಡುವುದನ್ನು ನೋಡುತ್ತಿದ್ದಳು. ನನ್ನ ಮುಖದಲ್ಲಿ ಏನಾದರೂ ಬದಲಾದೀತೇ ಎಂಬ ಹೆದರಿಕೆ ಅವಳದು.

ಮುಧೋಳದ ದಾರಿಯಲ್ಲಿ ಅಂದು ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಬೈಕಿನ ಮೇಲೆ ಒಂದೊಂದನ್ನೇ ದಾಟಿಕೊಂಡು ಹೋಗುವಾಗ ನನ್ನ ತಲೆಯಲ್ಲಿ ಸುದ್ದಿಯೊಂದು ತಾನಾಗಿ ಬರೆದುಕೊಳ್ಳುತ್ತಿತ್ತು. ಅತ್ತೆ, ಸೊಸೆ, ಗುಳಿಗೆ: ಇಷ್ಟಿದ್ದರೆ ಸಾಕು, ತಲೆಬರಹ ಸಿದ್ಧ. ಅದರ ಕೆಳಗೆ ‘ಮಾನಸಿಕ ಅಸ್ವಸ್ಥೆ ಎನ್ನಲಾಗಿದೆ’ ಎಂಬ ಒಂದು ಸಾಲು. ಬಾವಿಗೆ ಬಿದ್ದವರ, ಮನೆ ಬಿಟ್ಟು ಹೋದವರ ಸುದ್ದಿಗಳಲ್ಲಿ ಆ ಸಾಲನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಹಾಗೆ ಅಂದವರು ಯಾರು ಎಂದು ನನ್ನನ್ನು ಪತ್ರಿಕೆಯ ಡೆಸ್ಕಿನವರು ಯಾವತ್ತೂ ಕೇಳಿರಲಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ತಂಗಿಯ ಗಂಡ ಗೋಡೆಗೆ ಆತು ನಿಂತಿದ್ದ. ಕಬ್ಬು ಕಡಿಯಲು ಆಳು ಬಂದಿದ್ದ ದಿನ, ಹೊಲದಿಂದ ಹಾಗೆಯೇ ಬಂದಿದ್ದ. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಒಳಗೆ ಮಂಚದ ಪಕ್ಕ ಅವನ ಅಕ್ಕ, ತಂಗಿಯ ನಾದಿನಿ, ಕುಳಿತಿದ್ದಳು. ಅವಳನ್ನು ಮುಧೋಳದಲ್ಲೇ ಕೊಟ್ಟಿದೆ. ಒಡೆದ ಉಳ್ಳಾಗಡ್ಡಿಯನ್ನು ತಾಯಿಯ ಮೂಗಿಗೆ ಹಿಡಿದಿದ್ದಳು. ಸಲೈನ್ ಹಚ್ಚಿದ್ದರು. ಅತ್ತೆಯ ಬಾಯಿ ಸ್ವಲ್ಪ ತೆರೆದಿತ್ತು, ಪ್ರತಿ ಉಸಿರಿಗೂ ನಡುವೆ ಉದ್ದವಾದ ಬಿಡುವು ಇತ್ತು. ಆ ಬಿಡುವನ್ನು ನಾನು ಎಣಿಸಿದೆ. ಆಮೇಲೆ ಎಣಿಸುವುದನ್ನು ನಿಲ್ಲಿಸಿದೆ.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ರಕ್ತದೊತ್ತಡ ಬಹಳ ಇಳಿದಿದೆ, ಸಕ್ಕರೆ ಸರಿ ಇದೆ, ಲಕ್ವಾ ಇರಬಹುದು, ತಲೆಯ ಸ್ಕ್ಯಾನ್ ಆಗಬೇಕು, ಬಾಗಲಕೋಟೆಗೆ ಒಯ್ಯಿರಿ ಅಂದಿದ್ದರು. ಬೇರೆ ಏನಾದರೂ ಗುಳಿಗೆ ತೆಗೆದುಕೊಳ್ಳುತ್ತಾರೆಯೇ ಎಂದು ನನ್ನ ಎದುರಿಗೇ ಇನ್ನೊಮ್ಮೆ ಕೇಳಿದರು. ಮಗ ಬಿಪಿ ಗುಳಿಗೆಯ ಸ್ಟ್ರಿಪ್ ತೋರಿಸಿದ. ಮಗಳು ಉತ್ತರ ಕೊಟ್ಟಳು.

“ಗುಳಿಗಿ ಅಂದ್ರ ನಮ್ಮವ್ವ ಮಾರು ದೂರ ಓಡ್ತಾಳ್ರಿ. ಏನರ ಆದ್ರ ಭಂಡಾರ ಬಾಯಾಗ ಹಾಕ್ಕೊಂಡು ಮಲಗೂದ ಆಕಿ ಔಷಧ.”

ಡಾಕ್ಟರು ಇನ್ನೊಬ್ಬ ರೋಗಿಯನ್ನು ನೋಡಲು ಹೋದರು. ಅವರನ್ನು ಒಬ್ಬರನ್ನೇ ಹಿಡಿದು ಹೇಳಬೇಕು, ಮನೆಯವರಿಗೆ ಹೇಳಬೇಡಿ ಎಂದು ಬೇಡಿಕೊಳ್ಳಬೇಕು ಎಂದು ನಿರ್ಧರಿಸಿ ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತೆ. ಬಾಗಿಲಿಗೆ ಪರದೆ ಇತ್ತು. ಎದ್ದು ಪರದೆ ಸರಿಸಿದ್ದರೆ ಆಗುತ್ತಿತ್ತು. ನಾನು ಸರದಿ ಕಾದೆ. ಅಷ್ಟರಲ್ಲಿ ಮುಧೋಳದ ಪರಿಚಯದ ವರದಿಗಾರನೊಬ್ಬ ಫೋನ್ ಮಾಡಿದ; ನೀವು ದವಾಖಾನೆಯಲ್ಲಿ ಇದ್ದೀರಂತೆ, ಏನಾದರೂ ಸುದ್ದಿ ಇದೆಯೇ ಎಂದು. ಬೀಗರಿಗೆ ಆರಾಮ ಇಲ್ಲ, ಅಷ್ಟೆ ಅಂದೆ. ಹತ್ತೂಕಾಲಕ್ಕೆ ಅಂಬುಲೆನ್ಸ್ ಬಂದು ಬಾಗಿಲಿಗೆ ಹಿಂಬದಿ ತಿರುಗಿಸಿ ನಿಂತಿತು. ನಾನು ಇನ್ನೂ ಬೆಂಚಿನ ಮೇಲೆ ಇದ್ದೆ.

ತಂಗಿ ಬಂದದ್ದು ಆಗ. ಅಂಬುಲೆನ್ಸ್ ಯಾರಿಗೆ ಎಂದು ಗಂಡನನ್ನು ಕೇಳಿದಳು. ಬಾಗಲಕೋಟೆಗೆ ಅಂದ. ನನ್ನ ಮುಂದೆಯೇ ಹಾಯ್ದು ಹೋದಳು, ನಿಲ್ಲಲಿಲ್ಲ. ಡಾಕ್ಟರು ಮಂಚದ ಹತ್ತಿರ ನಿಂತು ಕಾಗದಕ್ಕೆ ಸಹಿ ಹಾಕುತ್ತಿದ್ದರು. ತಂಗಿ ಸೆರಗಿನ ಗಂಟಿನಿಂದ ಚೀಲ ತೆಗೆದು ಪಕ್ಕದ ಸ್ಟೀಲ್ ತಟ್ಟೆಗೆ ಸುರಿದಳು. ಭಂಡಾರದ ಜೊತೆಗೆ ಗುಳಿಗೆಗಳು ಉರುಳಿದವು.

“ಅತ್ತಿ ಇವನ್ನ ತಿಂದಾರ್ರಿ. ಹತ್ತು ಹೋಗ್ಯಾವು.”

ದೇವರ ಭಂಡಾರವನ್ನು ಇಲ್ಲಿ ಯಾಕೆ ಚೆಲ್ಲುತ್ತೀ ಎಂದು ನಾದಿನಿ ಗದರಿದಳು. ತಂಗಿ ಅವಳ ಕಡೆಗೆ ತಿರುಗಲಿಲ್ಲ, ಡಾಕ್ಟರನ್ನೇ ನೋಡುತ್ತ ಹೇಳಿದಳು.

“ಭಂಡಾರ ದೇವರದು. ಗುಳಿಗಿ ನಂದು. ನನಗ ಮನಸಿನ ಬ್ಯಾನಿ ಐತ್ರಿ. ಇಲ್ಲದ ಮಾತು ಕಿವಿಗೆ ಬೀಳ್ತಿದ್ದು. ಲಗ್ನದಕಿಂತ ಮೊದಲಿಂದ ತಗೋತೇನಿ.”

ಡಾಕ್ಟರು ಒಂದು ಗುಳಿಗೆಯನ್ನು ಎತ್ತಿ ಒರೆಸಿ ನೋಡಿದರು. ಹೆಸರೇನು ಎಂದು ಕೇಳಿದರು. ತಂಗಿಗೆ ಗೊತ್ತಿರಲಿಲ್ಲ. ಒಂದು ವರ್ಷ ಎಂಟು ತಿಂಗಳು ನುಂಗಿದ ಗುಳಿಗೆಯ ಸ್ಟ್ರಿಪ್ಪನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಅದಕ್ಕೆ ಮೊದಲು ಅವ್ವನೇ ಕೈಗೆ ಕೊಡುತ್ತಿದ್ದಳು.

“ಅಣ್ಣಗ ಗೊತ್ತೈತ್ರಿ,” ಅಂದಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ತಿರುಗಿದರು. ಗುಳಿಗೆಯ ಹೆಸರನ್ನೂ ಅದು ಎಷ್ಟು ಮಿಲಿಗ್ರಾಮಿನದು ಎಂಬುದನ್ನೂ ಹೇಳಿದೆ.

ಡಾಕ್ಟರು ಅಂಬುಲೆನ್ಸನ್ನು ನಿಲ್ಲಿಸಿದರು. ಜಮಖಂಡಿಯ ಮನೋವೈದ್ಯರ ನಂಬರು ನನ್ನಿಂದ ಪಡೆದು ಹೊರಗೆ ಹೋಗಿ ಮಾತಾಡಿ ಬಂದರು. ಲಕ್ಷಣಗಳು ಗುಳಿಗೆಗೆ ಹೊಂದುತ್ತವೆ, ಇಲ್ಲೇ ಇಟ್ಟುಕೊಂಡು ನೋಡುತ್ತೇವೆ, ಸಂಜೆಯೊಳಗೆ ಎಚ್ಚರ ಬರದಿದ್ದರೆ ಬಾಗಲಕೋಟೆ ಅಂದರು. ಆಮೇಲೆ ತಂಗಿಯನ್ನು ಕರೆದು, ನಿನ್ನೆ ನೀವು ತೆಗೆದುಕೊಂಡಿದ್ದೀರಾ ಎಂದು ಕೇಳಿ, ಇವತ್ತೂ ಬಿಡಬೇಡಿ ಎಂದು ಹೇಳಿ ಹೋದರು.

ಆ ಹಗಲು ನಾವು ನಾಲ್ಕು ಜನ ಒಂದೇ ಕೋಣೆಯಲ್ಲಿ ಕುಳಿತೆವು. ನಾದಿನಿ ಮಾತ್ರ ಮಾತಾಡಿದಳು. ಅವಳಿಗೆ ಹತ್ತೊಂಬತ್ತರ ಮಗಳಿದ್ದಾಳೆ, ನೋಡಲು ಬರುವ ಮಾತು ನಡೆದಿತ್ತು. ಹೆಣ್ಣು ಕೇಳಲು ಬರುವವರು ತಾಯಿಯ ತವರನ್ನೂ ವಿಚಾರಿಸುತ್ತಾರೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಮೋಸ ಎಂಬ ಶಬ್ದವನ್ನು ಅವಳು ಹಲವು ಸಲ ಬಳಸಿದಳು. ಕೊನೆಗೆ ದನಿ ಇಳಿಸಿ ಕೇಳಿದಳು.

“ಇಕಿ ನಮ್ಮ ರಕ್ತ ಅಲ್ಲ ಅಂತ ನಾ ಊರ ಮಂದಿಗೆಲ್ಲ ಹೇಳಕೋತ ತಿರಗ್ಲೇನು?”

ತಂಗಿ ಅತ್ತೆಯ ಕಾಲ ಹತ್ತಿರ ನೆಲದ ಮೇಲೆ ಕುಳಿತಿದ್ದಳು. ಬೆರಳ ತುದಿಗಳಲ್ಲಿ ಇನ್ನೂ ಹಳದಿ ಇತ್ತು. ನನಗೆ ಎರಡು ಭಯಗಳಿದ್ದವು, ಅವು ಒಂದರ ಹಿಂದೆ ಒಂದು ಬರುತ್ತಿದ್ದವು: ಮಂಚದ ಮೇಲಿನವರು ಸತ್ತರೆ ಇದು ಪೊಲೀಸರಿಗೆ ಹೋಗುತ್ತದೆ, ಬದುಕಿದರೆ ತಂಗಿಯ ಸಂಸಾರ ಇವತ್ತಿಗೆ ಮುಗಿಯುತ್ತದೆ. ಗಂಟೆಗೊಮ್ಮೆ ನರ್ಸ್ ಬಂದು ರಕ್ತದೊತ್ತಡ ನೋಡಿ ಬರೆದುಕೊಂಡು ಹೋಗುತ್ತಿದ್ದಳು.

ಸಂಜೆ ಐದಕ್ಕೆ ಸ್ವಲ್ಪ ಮೊದಲು ಅತ್ತೆ ಕಣ್ಣು ತೆರೆದರು. ಸುತ್ತಲೂ ನೋಡಿ, ಎಲ್ಲರೂ ಇಲ್ಲೇ ಇದ್ದೀರಿ, ಎಮ್ಮಿ ಹಿಂಡಾಕ ಯಾರದಾರ ಅಲ್ಲಿ ಎಂದು ಕೇಳಿದರು. ಮತ್ತೆ ನಿದ್ದೆ ಹೋದರು. ಈ ಸಲದ ನಿದ್ದೆಯಲ್ಲಿ ಗೊರಕೆ ಇತ್ತು.

ಏನಾಯಿತು ಎಂಬುದನ್ನು ಅವರು ಮರುದಿನ ಹೇಳಿದರು. ಮೊಣಕಾಲು ನೋವಿನಿಂದ ಅವರಿಗೆ ರಾತ್ರಿ ನಿದ್ದೆ ಇರಲಿಲ್ಲ. ಒಂದು ರಾತ್ರಿ ದೇವರ ಜಗಲಿಯ ಮೇಲಿದ್ದ ಸೊಸೆಯ ಚೀಲಕ್ಕೆ ಕೈ ಹಾಕಿದಾಗ ಕಾಳಿನಂಥದ್ದು ಸಿಕ್ಕಿತು. ಅವರ ಮನೆಯ ರೂಢಿಯಲ್ಲಿ ಹರಕೆಯದಾದರೂ ಭಂಡಾರ ಒಬ್ಬರದಲ್ಲ. ಮನೆಗೆ ಬಂದ ಭಂಡಾರ ಮನೆಯ ಎಲ್ಲರದು. ಬೀಗರ ಊರಿನ ಪ್ರಸಾದ ಹೀಗೇ ಇರುತ್ತದೆ ಎಂದುಕೊಂಡು ಒಂದನ್ನು ನುಂಗಿದರು. ಎಷ್ಟೋ ವರ್ಷದ ಮೇಲೆ ಕಣ್ತುಂಬ ನಿದ್ದೆ ಬಂತು. ಮುಂದಿನ ಮೂರು ರಾತ್ರಿ ಎರಡೆರಡು. ಮಂಗಳವಾರ ದೇವರಿಗೆ ಕೈ ಮುಗಿದು ಮೂರು.

“ನಾಕ ದಿನಾ ಮೊಣಕಾಲ ಎಲ್ಲಿ ಅದಾವಂತ ಗೊತ್ತಾಗಲಿಲ್ಲ ನೋಡ,” ಅಂದರು. ನಗುವುದೋ ಬಿಡುವುದೋ ಯಾರಿಗೂ ತಿಳಿಯಲಿಲ್ಲ. ಮಗಳು ನಡುವೆ ಬಾಯಿ ಹಾಕಿ ಮದುವೆಯ ಮೋಸದ ಮಾತು ತೆಗೆದಳು. “ಸುಮ್ಮನಿರ ಬೇ,” ಎಂದು ಅವಳನ್ನು ತಡೆದು ನನ್ನ ಕಡೆ ನೋಡಿದರು.

“ಅವತ್ತ ನಾ ನಿನ್ನ ಕೇಳಿದ್ನೆಲ್ಲೋ ತಮ್ಮಾ. ಏನಂದಿ ನೀ?”

“ಏನೂ ಇಲ್ಲ ಅಂದಿದ್ನಿರಿ.”

“ಖರೆ ಹೇಳಿದ್ರ ಒಲ್ಲೆ ಅಂತಿದ್ನೋ ಏನೋ. ಅದು ನನಗೂ ಗೊತ್ತಿಲ್ಲ. ಆದ್ರ ಕೇಳಿದ್ನಿ.”

ಶನಿವಾರ ಅವರನ್ನು ಮನೆಗೆ ಬಿಟ್ಟರು. ಅದೇ ದಿನ ತಂಗಿಯನ್ನು ನಾಲ್ಕು ದಿನ ಇದ್ದು ಬರಲಿ ಎಂದು ನನ್ನ ಜೊತೆ ತವರಿಗೆ ಕಳಿಸಿದರು. ನಾಲ್ಕು ದಿನ ಅಂದದ್ದು ಎರಡು ತಿಂಗಳು ದಾಟಿತು. ಕಬ್ಬಿನ ಸುಗ್ಗಿಯಲ್ಲಿ ಮಗಳು ತವರಿಗೆ ಬಂದು ಕುಳಿತದ್ದು ಯಾಕೆ ಎಂದು ಓಣಿಯವರು ಕೇಳಿದರೆ ಅವ್ವ ದಿನಕ್ಕೊಂದು ಕಾರಣ ಹೇಳುತ್ತಿದ್ದಳು. ತಂಗಿ ಈಗ ಸ್ಟ್ರಿಪ್ಪನ್ನು ತಾನೇ ಇಟ್ಟುಕೊಂಡಿದ್ದಳು. ಗಂಡ ಎರಡು ದಿನಕ್ಕೊಮ್ಮೆ ಫೋನ್ ಮಾಡಿ, ಗುಳಿಗೆ ತೆಗೆದುಕೊಂಡೆಯಾ ಎಂದು ಕೇಳಿ ಇಟ್ಟುಬಿಡುತ್ತಿದ್ದ.

“ಅಷ್ಟ ಕೇಳ್ತಾರ,” ಅಂದಳು ತಂಗಿ. “ಬಾ ಅನ್ನವಲ್ರು.”

ಫೆಬ್ರುವರಿ ಕೊನೆಯ ವಾರ ಅವನು ಬೈಕಿನ ಮೇಲೆ ಬಂದ. ನಮ್ಮವ್ವ ಕರಕೊಂಡು ಬಾ ಅಂದಾಳ ಎಂದಷ್ಟೇ ಹೇಳಿದ. ಊಟ ಮಾಡಿದ. ತಂಗಿ ಬಟ್ಟೆಯ ಚೀಲ ಹಿಡಿದು ಅವನ ಹಿಂದೆ ಕುಳಿತು ಹೋದಳು. ಗುಳಿಗೆಯನ್ನು ಅತ್ತೆ ಅಡುಗೆಮನೆಯ ಗೋಡೆಯ ಮಾಡದಲ್ಲಿ, ಚಹಾಪುಡಿಯ ಡಬ್ಬಿಯ ಪಕ್ಕ ಇಡಿಸಿದರು. ಇನ್ನು ಮೇಲೆ ಯಾರದನ್ನು ಯಾರು ತಿನ್ನಬಾರದು ಎಂದು ಎಲ್ಲರಿಗೂ ಗೊತ್ತಿರಲಿ ಎಂಬುದು ಅವರು ಕೊಟ್ಟ ಕಾರಣ.

ಆದರೆ ಮಾತು ಮನೆಯಿಂದ ಹೊರಗೆ ಹೋಗಿತ್ತು. ಏಪ್ರಿಲ್‌ನಲ್ಲಿ ನಾನು ಹೋದಾಗ ತಂಗಿ ನೀರಿಗೆ ಹೋಗುವ ಹೊತ್ತನ್ನು ಬದಲಿಸಿದ್ದಳು. ನಳದ ಹತ್ತಿರ ಅವಳು ಬಂದರೆ ಹೆಂಗಸರು ಸುಮ್ಮನಾಗುತ್ತಿದ್ದರು. ಕೊಡ ಹೊತ್ತು ಹತ್ತು ಹೆಜ್ಜೆ ಹೋದ ಮೇಲೆ ಹಿಂದಿನಿಂದ ದನಿ ಕೇಳುತ್ತಿತ್ತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ, ಮುಖ ಎತ್ತದೆ ಅವಳು ನನ್ನನ್ನು ಕೇಳಿದಳು.

“ಅಣ್ಣಾ, ಮೊದಲ ಮಂದಿ ಮಾತಾಡ್ತಾರ ಅಂತಿದ್ನಿ, ಅದು ಬ್ಯಾನಿ ಅಂದ್ರು. ಈಗ ಖರೇನ ಮಾತಾಡ್ತಾರ. ಈ ಸಲ ಡಾಕ್ಟರಗ ಏನಂತ ಹೇಳ್ಲಿ?”

ಇದ್ದದ್ದನ್ನು ಇದ್ದ ಹಾಗೆ ಹೇಳು ಅಂದೆ. ಅವಳು ಹೇಳಿದಳಂತೆ. ಡಾಕ್ಟರು ಗುಳಿಗೆ ಹೆಚ್ಚಿಸಲಿಲ್ಲ, ಮುಂದಿನ ಸಲ ಮನೆಯವರನ್ನೂ ಕರೆದುಕೊಂಡು ಬನ್ನಿ ಅಂದರು.

ಜೂನ್‌ನಲ್ಲಿ ಗಂಡ ಅವಳ ಜೊತೆ ಜಮಖಂಡಿಗೆ ಬಂದ. ಡಾಕ್ಟರ ಕೋಣೆಯೊಳಗೆ ಇಪ್ಪತ್ತು ನಿಮಿಷ ಕುಳಿತ. ಯಾವ ಲಕ್ಷಣ ಕಂಡರೆ ತಡಮಾಡದೆ ಕರೆತರಬೇಕು ಎಂದು ಕೇಳಿ, ಫೋನಿನಲ್ಲಿ ಬರೆದುಕೊಂಡ. ಹೊರಗೆ ಬರುವಾಗ ಅವನ ಊರಿನವನೊಬ್ಬ ಎದುರಾದ. ಇಲ್ಲಿ ಏನು ಕೆಲಸ ಎಂದು ಕೇಳಿದ್ದಕ್ಕೆ, ನನ್ನ ಬೆನ್ನು ನೋವು ಅಂದ. ತಂಗಿ ಅಲ್ಲೇ ನಿಂತಿದ್ದಳು. ನಾನೂ ನಿಂತಿದ್ದೆ.

ಇಲ್ಲಿಯವರೆಗೆ ತಂಗಿ ರನ್ನ ಬೆಳಗಲಿಯಲ್ಲೇ ಇದ್ದಾಳೆ. ನಾಗರ ಪಂಚಮಿಗೆ ತವರಿಗೆ ಕರೆಯಲು ನಾನು ಹೋದಾಗ ಅವಳು ಬರಲಿಲ್ಲ. ನಾದಿನಿ ತವರಿಗೆ ಬರುವ ಹಬ್ಬ, ಬಂದಾಗ ತಾನು ಮನೆಯಲ್ಲಿ ಇರಬೇಕು ಅಂದಳು. ನಾದಿನಿ ಬರಲಿಲ್ಲ. ಹಬ್ಬದ ಹಿಂದಿನ ದಿನ ಮುಧೋಳದಿಂದ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿಯೊಂದನ್ನು ಕಳಿಸಿದ್ದಳು. ತಂಗಿ ತಾನೇ ಬಸ್‌ಸ್ಟ್ಯಾಂಡಿಗೆ, ಹಬ್ಬದ ಜನರ ನಡುವೆ ಹೋಗಿ ಅದನ್ನು ಇಳಿಸಿಕೊಂಡು ಬಂದಳು.